ನನಗೇ ಗಾಳ ಹಾಕೋದು ಹೇಳಿಕೊಡ್ತೀರಾ?

ತುಂಗಾ ನದಿ ದಂಡೆಯಲ್ಲಿ ಎರೆಹುಳು ಸಿಕ್ಕಿಸಿ ಸಣ್ಣಪುಟ್ಟ ಮೀನು ಹಿಡಿದವನು ನಾನು. ಜಾಂಬಿಯಾದ ಲುಸಾಕಾಕ್ಕೆ ಕೆಲಸಕ್ಕೆ ಬಂದ ಮೇಲೆ ಈ ವಿಷಯವನ್ನು ಆಫೀಸಿನಲ್ಲಿ ಸ್ವಲ್ಪ ಜಾಸ್ತಿಯೇ ಹೇಳಿಕೊಂಡಿದ್ದೆ. ಅದನ್ನೇ ನಂಬಿ ಆಫೀಸಿನವರು ನನ್ನನ್ನು ಕರಿಬಾ ಸರೋವರಕ್ಕೆ ಎಳೆದುಕೊಂಡು ಹೋದರು. ಟೈಗರ್ ಫಿಶ್ ಹಿಡಿಯೋಕೆ.

ದೋಣಿಯವನು ದಾರದ ತುದಿಗೆ ಒಂದು ತುಂಡು ಸ್ಟೀಲ್ ತಂತಿ ಕಟ್ಟಿ, ಅದಕ್ಕೆ ಗಾಳ ಸಿಕ್ಕಿಸಿದ. 'ಮೀನಿಗೇನು ಕರೆಂಟ್ ಕೊಡ್ತೀಯಾ?' ಎಂದು ನಗಾಡಿ, ತಂತಿ ಬಿಚ್ಚಿ ಗಾಳವನ್ನು ದಾರಕ್ಕೇ ಕಟ್ಟಿದೆ. 'ನಿಮ್ಮಿಷ್ಟ ಬ್ವಾನಾ' ಎಂದ. ಈ 'ನಿಮ್ಮಿಷ್ಟ'ದ ಅರ್ಥ ಎಲ್ಲ ದೇಶದಲ್ಲೂ ಒಂದೇ.

ಗಾಳಕ್ಕೆ ಕಪೆಂಟಾ ಚುಚ್ಚಿದೆವು. ಬೆರಳುದ್ದದ ಬೆಳ್ಳಿ ಮೀನು. 1960ರ ದಶಕದಲ್ಲಿ ಟ್ಯಾಂಗನೀಕಾ ಸರೋವರದಿಂದ ತಂದು ಇಲ್ಲಿ ಬಿಟ್ಟಿದ್ದಂತೆ. ಜನರ ಹೊಟ್ಟೆ ತುಂಬಲಿ ಎಂದು ತಂದದ್ದು, ಟೈಗರ್ ಫಿಶ್‌ಗೂ ಹಬ್ಬವಾಯಿತು.

ಎರಡೇ ನಿಮಿಷ. ರೀಲು ಕಿರ್ರ್ ಎಂದು ಕಿರುಚಿತು. ನಾನೂ ಕಿರುಚಿದೆ. ಆಮೇಲೆ ಏನೂ ಇಲ್ಲ. ಎಳೆದು ನೋಡಿದರೆ ಬ್ಲೇಡಿನಲ್ಲಿ ಕುಯ್ದ ಹಾಗೆ ದಾರ ಮಾತ್ರ. ದೋಣಿಯವನು ಮಾತಾಡದೆ ಆ ತಂತಿ ಮುಂದೆ ಹಿಡಿದ. ನಾನೂ ಮಾತಾಡದೆ ಕಟ್ಟಿಕೊಂಡೆ.

ಎರಡನೆಯದು ಕಾಣಿಸಿತು. ಮೈತುಂಬ ಕಪ್ಪು ಗೆರೆ, ಕೆಂಪು ಬಾಲ, ಬಾಯಿ ಮುಚ್ಚಿದರೂ ಹೊರಗೇ ಇರುವ ಸೂಜಿ ಹಲ್ಲು. ಹಳೆ ಹಲ್ಲೆಲ್ಲ ಉದುರಿ ಹೊಸ ಸೆಟ್ ಬರುತ್ತದಂತೆ. ನಾನೋ ಒಂದು ಹಲ್ಲಿನ ರೂಟ್ ಕೆನಾಲ್‌ಗೆ ತಿಂಗಳ ಸಂಬಳ ಸುರಿದವನು. ದಕ್ಷಿಣ ಆಫ್ರಿಕಾದ ಸ್ಕ್ರೋಡಾ ಜಲಾಶಯದಲ್ಲಿ ಇದೇ ಜಾತಿ ನೀರಿಂದ ನೆಗೆದು, ಹಾರುತ್ತಿದ್ದ ಅಂಬರ ಕೀಚುಗ ಹಕ್ಕಿಯನ್ನೇ ಹಿಡಿದದ್ದು ವಿಡಿಯೋದಲ್ಲಿ ಸಿಕ್ಕಿದೆ. ನನ್ನದೂ ಹಾಗೇ ನೆಗೆಯಿತು. ಗಾಳಿಯಲ್ಲಿ ತಲೆ ಕೊಡವಿತು. ಅದರ ಬಾಯಿ ಬರೀ ಮೂಳೆ, ಗಾಳ ನಾಟುವುದೇ ಕಷ್ಟ. ಕಳಚಿಕೊಂಡಿತು. ಹಿಂದಕ್ಕೆ ಜಗ್ಗುತ್ತಿದ್ದ ನಾನು ಹೋಗಿ ಕಪೆಂಟಾ ಬಕೆಟ್ಟಿನಲ್ಲಿ ಕೂತೆ. ಎಬ್ಬಿಸಲು ಇಬ್ಬರು ಬೇಕಾದರು. ಬಕೆಟ್ ಬಿಡಿಸಲು ಇನ್ನೊಬ್ಬ.

ರಾತ್ರಿ ಊರಿಂದ ಹೆಂಡತಿ ವಿಡಿಯೋ ಕಾಲ್ ಮಾಡಿದಳು. 'ಹುಲಿ ಎಲ್ಲಿ ರೀ?' ತಟ್ಟೆ ತೋರಿಸಿದೆ. ಮೆಕ್ಕೆಜೋಳದ ಹಿಟ್ಟಿನ ನ್ಶೀಮಾ, ನಮ್ಮ ಮುದ್ದೆಯ ಬಿಳಿ ತಮ್ಮ. ಪಕ್ಕದಲ್ಲಿ ಟೊಮೆಟೊ ಹಾಕಿ ಹುರಿದ ಕಪೆಂಟಾ.

'ಇಷ್ಟು ಚಿಕ್ಕದಾ?' ಎಂದಳು.

ಅದು ಹುಲಿಯಲ್ಲ, ಹುಲಿಯ ಊಟ ಎಂದು ಹೇಳಲು ಹೋಗಲಿಲ್ಲ. ನೆಟ್‌ವರ್ಕ್ ಸರಿಯಿಲ್ಲ ಎಂದೆ.