ಸರ್ಕಾರ ನಮ್ಮ ಫೋನ್ ದಾಖಲೆಯನ್ನು ಗುಟ್ಟಾಗಿ ನೋಡಬಹುದಾ? ಪರ – ವಿರೋಧ

ಪರ: ನೋಡಲಿ ಬಿಡಿ
(ಮಾಜಿ ಸೈನಿಕ, ನಾಪೋಕ್ಲು ಕಡೆಯ ಕಾಫಿ ಬೆಳೆಗಾರ)

"ನೀವು ಮಿಲಿಟರಿಯಲ್ಲಿದ್ದವರು, ಪರವಾಗಿ ಬರೆಯಿರಿ" ಎಂದರು. ಮಿಲಿಟರಿಯಲ್ಲಿದ್ದವರು ಸರ್ಕಾರ ಮಾಡಿದ್ದಕ್ಕೆಲ್ಲ ಸೈ ಅನ್ನುತ್ತಾರೆ ಎಂದು ಯಾರು ಹೇಳಿದರೋ! ಕ್ಯಾಂಟೀನ್ ಸಾಲಿನಲ್ಲಿ ಒಂದು ಗಂಟೆ ನಿಂತು ನಮ್ಮ ಮಾತು ಕೇಳಿದರೆ ಗೊತ್ತಾಗುತ್ತದೆ. ಆದರೂ ಒಪ್ಪಿಕೊಂಡಿದ್ದೇನೆ, ಬರೆಯುತ್ತೇನೆ.

ಫೋನ್ ದಾಖಲೆ ಎಂದರೆ ಮಾತಲ್ಲ. ಯಾವ ನಂಬರಿನಿಂದ ಯಾವ ನಂಬರಿಗೆ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ, ಯಾವ ಟವರಿನಿಂದ. ಇಷ್ಟೇ. ಪೊಲೀಸರು ಇದಕ್ಕೆ ಸಿಡಿಆರ್ ಅನ್ನುತ್ತಾರೆ. ಕಂಪನಿಗಳು ಇದನ್ನು ಕನಿಷ್ಠ 2 ವರ್ಷ ಇಟ್ಟುಕೊಳ್ಳಬೇಕು ಎಂದು 2021ರ ಡಿಸೆಂಬರಿನಲ್ಲಿ ಕೇಂದ್ರ ಹೇಳಿದೆ. ವಿರೋಧಿಸುವವರನ್ನು ಕೇಳಿದರೆ ಮಾತ್ರ ಚಿತ್ರವೇ ಬೇರೆ. ದೆಹಲಿಯಲ್ಲಿ ಯಾರೋ ಕಿವಿಗೆ ಹೆಡ್‌ಫೋನ್ ಹಾಕಿ ಕೂತಿದ್ದಾರೆ. ಪಂದಿಕರಿಗೆ ಕಾಚಂಪುಳಿ ಎಷ್ಟು ಹಾಕಬೇಕು ಎಂದು ನೀವು ಅತ್ತಿಗೆಗೆ ಹೇಳುವುದನ್ನು ಬರೆದುಕೊಳ್ಳುತ್ತಿದ್ದಾರೆ. ಅಷ್ಟು ಪುರುಸೊತ್ತು ಯಾರಿಗಿದೆ?

2013ರ ಜೂನ್‌ನಲ್ಲಿ ಅಮೆರಿಕದ ಗುಪ್ತಚರ ಕೆಲಸದಲ್ಲಿದ್ದ ಎಡ್ವರ್ಡ್ ಸ್ನೋಡೆನ್ ಗುಟ್ಟು ಬಯಲು ಮಾಡಿದರು. ಅಲ್ಲಿನ ಎನ್‌ಎಸ್‌ಎ ಎಂಬ ಗುಪ್ತಚರ ಸಂಸ್ಥೆ ವೆರಿಝಾನ್ ಎಂಬ ಫೋನ್ ಕಂಪನಿಯಿಂದ ಗಿರಾಕಿಗಳ ಕರೆಗಳ ಪಟ್ಟಿಯನ್ನು ದಿನವೂ ತರಿಸಿಕೊಳ್ಳುತ್ತಿತ್ತು. ದೊಡ್ಡ ಗುಲ್ಲೆದ್ದಿತು. ಅದೇ ದಿನಗಳಲ್ಲಿ ಜನಾಭಿಪ್ರಾಯ ಸಮೀಕ್ಷೆ ಮಾಡುವ ಪ್ಯೂ ಸಂಸ್ಥೆಯೂ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯೂ ಜನರನ್ನೇ ಕೇಳಿದವು. ಭಯೋತ್ಪಾದಕರನ್ನು ಹುಡುಕಲು ಹೀಗೆ ಮಾಡುವುದು ಪರವಾಗಿಲ್ಲ ಎಂದವರು ಶೇ. 56. ಬೇಡ ಎಂದವರು ಶೇ. 41. ಗುಲ್ಲು ಮಾಡಿದವರು ಯಾರು, ಜನ ಯಾರು, ನೀವೇ ನೋಡಿ. ಆ ಜನರಿಗೆ 2001ರ ಸೆಪ್ಟೆಂಬರ್ ದಾಳಿ ನೆನಪಿತ್ತು. ಆ ದಾಳಿಕೋರರಲ್ಲಿ ಒಬ್ಬ ಸ್ಯಾನ್ ಡಿಯಾಗೋದಲ್ಲಿ ಕೂತು ಯೆಮನ್‌ನ ಒಂದು ಮನೆಗೆ ಫೋನ್ ಮಾಡುತ್ತಿದ್ದ. ಆ ಮನೆಯ ಫೋನನ್ನು ಎನ್‌ಎಸ್‌ಎ ಕದ್ದು ಕೇಳುತ್ತಲೇ ಇತ್ತು. ಕರೆ ತಮ್ಮದೇ ದೇಶದಿಂದ ಬರುತ್ತಿದೆ ಎಂದು ಅವರಿಗೆ ಗೊತ್ತಾಗಲಿಲ್ಲವಂತೆ. ಕರೆಗಳ ಪಟ್ಟಿ ಕೈಯಲ್ಲಿದ್ದಿದ್ದರೆ ಗೊತ್ತಾಗುತ್ತಿತ್ತು ಎಂಬುದು ಅವರ ವಾದ.

ಅಮೆರಿಕ ಸಾಕು. ನಮ್ಮ ಕಣಕ್ಕೆ ಬರೋಣ. ಕಾಫಿಗೆ ಬೆಲೆ ಬಂದ ವರ್ಷ ನನ್ನ ಸ್ಟೋರಿನಿಂದ ಒಂದು ರಾತ್ರಿ ಹನ್ನೆರಡು ಚೀಲ ರೋಬಸ್ಟಾ ಚೆರ್ರಿ ಹೋಯಿತು. ನಾಯಿ ಬೊಗಳಲಿಲ್ಲ. ನಾಯಿ ಬೊಗಳಲಿಲ್ಲ ಎಂದರೆ ಒಳಗಿನವರೇ ಅಲ್ವಾ? ತೋಟದ ಕೆಲಸಗಾರರ ಲೈನ್ ಮನೆಯಲ್ಲಿದ್ದ ಒಬ್ಬನ ಮೇಲೆ ನನಗೆ ಅನುಮಾನ ಬಂತು. ಹಿಂದಿನ ವಾರವಷ್ಟೇ ಮುಂಗಡ ಕೇಳಿದ್ದ, ನಾನು ಕೊಟ್ಟಿರಲಿಲ್ಲ. ಎಲ್ಲರ ಎದುರಿಗೇ ಬೈದೆ. ಅವನ ಹೆಂಡತಿ ಪಾತ್ರೆ ಪಗಡೆ ಕಟ್ಟಿಟ್ಟು ಊರಿಗೆ ಹೊರಟು ನಿಂತಳು. ಅಷ್ಟರಲ್ಲಿ ಪೊಲೀಸರು ಆ ರಾತ್ರಿ ನಮ್ಮ ಟವರಿಗೆ ಸಿಕ್ಕ ನಂಬರುಗಳನ್ನು ತರಿಸಿದರು. ರಾತ್ರಿ ಎರಡು ಗಂಟೆಗೆ ಎರಡು ಫೋನ್‌ಗಳು ಒಂದಕ್ಕೊಂದು ನಾಲ್ಕು ಸಲ ಮಾತಾಡಿದ್ದವು. ಒಂದು ನನ್ನ ಹಳೆಯ ಡ್ರೈವರನದು. ನಾಯಿಗೆ ಮೂರು ವರ್ಷ ಅನ್ನ ಹಾಕಿದವನು ಅವನೇ. ಏಳು ಚೀಲ ವಾಪಸ್ ಸಿಕ್ಕಿತು. ಬೈಸಿಕೊಂಡವನು ಇನ್ನೂ ನಮ್ಮಲ್ಲೇ ಇದ್ದಾನೆ. ನಾನು ಅವನ ಮುಖ ನೋಡಿ ಮಾತಾಡಲು ಒಂದು ತಿಂಗಳು ಬೇಕಾಯಿತು.

ಇದನ್ನು ಓದಿದ ನನ್ನ ಮಗಳು, "ಅಪ್ಪ, ಅದು ಕೇಸ್ ಹಾಕಿ ತರಿಸಿದ್ದು, ಗುಟ್ಟಲ್ಲ" ಎಂದಳು. ಸರಿ. ಆದರೆ ಆ ರಾತ್ರಿ ಸುತ್ತಲಿನ ಮನೆಗಳಲ್ಲಿ ಫೋನ್ ಬಳಸಿದವರ ನಂಬರೂ ಆ ಪಟ್ಟಿಯಲ್ಲಿತ್ತು. ಅವರಿಗೆ ಯಾರೂ ಹೇಳಲಿಲ್ಲ. ಅವರಿಗೆ ಏನಾಯಿತು? ಏನೂ ಆಗಲಿಲ್ಲ.

ಅರಣ್ಯ ಇಲಾಖೆಯವರು ಆನೆಗೆ ರೇಡಿಯೋ ಕಾಲರ್ ಹಾಕಿದರೆ ನಾವೆಲ್ಲ ಖುಷಿ ಪಡುತ್ತೇವೆ. ಎಲ್ಲಿದೆ ಎಂದು ಗೊತ್ತಿದ್ದರೆ ಬೆಳಗ್ಗೆ ಮಕ್ಕಳನ್ನು ಧೈರ್ಯವಾಗಿ ಶಾಲೆಗೆ ಕಳಿಸಬಹುದು. ಮನುಷ್ಯ ಆನೆಯಲ್ಲ ಅನ್ನುತ್ತೀರಿ, ಅದೂ ನಿಜವೇ. ಕೇಳಿದಷ್ಟು ಬರೆದಿದ್ದೇನೆ. ಮಳೆ ಹಿಡಿಯುವ ಮುಂಚೆ ಗೊಬ್ಬರ ಹಾಕಿಸಬೇಕು.

ವಿರೋಧ: ಟಿಕೆಟ್ ಬರೆದವಳು ಹೇಳುತ್ತೇನೆ
(ನಿವೃತ್ತ ಟೆಲಿಫೋನ್ ಆಪರೇಟರ್, ಮಡಿಕೇರಿ)

"ಮಾತು ಕೇಳುವುದಿಲ್ಲ, ಬರೀ ನಂಬರ್ ನೋಡುತ್ತೇವೆ." ಈ ಸಮಾಧಾನ ಕೇಳಿದಾಗಲೆಲ್ಲ ನನಗೆ ನಗು ಬರುತ್ತದೆ. 1974ರಲ್ಲಿ ನಾನು ಕೊಡಗಿನ ಒಂದು ಸಣ್ಣ ಊರಿನ ಎಕ್ಸ್‌ಚೇಂಜಿಗೆ ಸೇರಿದೆ. ಎದುರಿಗೆ ಬೋರ್ಡು, ಕೈಯಲ್ಲಿ ಪ್ಲಗ್ಗು, ಪಕ್ಕದಲ್ಲಿ ಟಿಕೆಟ್ ಕಟ್ಟು. ಯಾರಾದರೂ ಟ್ರಂಕ್ ಕಾಲ್, ಅಂದರೆ ಬೇರೆ ಊರಿಗೆ ಕರೆ, ಬುಕ್ ಮಾಡಿದರೆ ಒಂದು ಟಿಕೆಟ್ ಬರೆಯಬೇಕು. ಯಾರಿಂದ, ಯಾವ ಊರಿನ ಯಾವ ನಂಬರಿಗೆ, ಆರ್ಡಿನರಿಯೋ ಅರ್ಜೆಂಟೋ, ಎಷ್ಟು ನಿಮಿಷ. ಈಗ ಸಿಡಿಆರ್ ಅನ್ನುತ್ತಾರಲ್ಲ, ಅದನ್ನು ನಾನು ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೆ.

ಒಂದು ಬಂಗಲೆಯಿಂದ ಮಂಗಳೂರಿನ ಆಸ್ಪತ್ರೆಗೆ ವಾರಕ್ಕೆರಡು ಕರೆ ಹೋಗತೊಡಗಿತು. ಆಮೇಲೆ ಮೈಸೂರಿನ ವಕೀಲರಿಗೆ. ಆಮೇಲೆ ತಲಶ್ಶೇರಿಯ ಒಬ್ಬ ವ್ಯಾಪಾರಿಗೆ, ಅದೂ ಅರ್ಜೆಂಟ್, ಅದೂ ಮನೆಯ ಹೆಂಗಸರು ಸಂತೆಗೆ ಹೋದ ಹೊತ್ತಿನಲ್ಲಿ. ತೋಟ ಮಾರಾಟಕ್ಕಿದೆ ಎಂದು ಆ ಮನೆಯಾಕೆಗೆ ಗೊತ್ತಾಗುವ ಮೊದಲೇ ನನಗೆ ಗೊತ್ತಿತ್ತು. ಒಂದು ಮಾತೂ ಕದ್ದು ಕೇಳಿರಲಿಲ್ಲ. ಯಾವ ಹುಡುಗಿಗೆ ಯಾವ ಊರಿನಲ್ಲಿ ಗಂಡು ನೋಡುತ್ತಿದ್ದಾರೆ, ಯಾರ ಮಗ ಬೊಂಬಾಯಿಯಿಂದ ಫೋನ್ ಮಾಡುವುದು ನಿಲ್ಲಿಸಿದ್ದಾನೆ, ಎಲ್ಲ ಆ ಕಟ್ಟಿನಲ್ಲಿತ್ತು. ಅದೂ ದಿನಕ್ಕೆ ನಲವತ್ತು, ಐವತ್ತು ಟಿಕೆಟಿನಲ್ಲಿ. ಇವತ್ತು ಮನೆಯ ಒಂದು ಮಗು ಅಷ್ಟು ಕರೆ ಮಾಡುತ್ತದೆ. ಜೊತೆಗೆ ಎಲ್ಲಿದ್ದಾಗ ಮಾಡಿತು ಎಂಬುದೂ ಸಿಗುತ್ತದೆ. ನಾನು ನೋಡುತ್ತಿದ್ದದ್ದು ಏನೂ ಅಲ್ಲ. ಎನ್‌ಎಸ್‌ಎ ಮುಖ್ಯಸ್ಥರಾಗಿದ್ದ ಮೈಕಲ್ ಹೇಡನ್ 2014ರಲ್ಲಿ ನೇರವಾಗಿಯೇ ಹೇಳಿದರು, ಇಂಥ ದಾಖಲೆ ನೋಡಿಯೇ ನಾವು ಜನರನ್ನು ಕೊಲ್ಲುತ್ತೇವೆ ಎಂದು. ಬರೀ ನಂಬರ್ ಅಂತೆ!

ನಮ್ಮವರಿಗೆ ಸಿಟ್ಟು ಬರುವುದೇ ಇಲ್ಲ ಅಂತಲ್ಲ. 1988ರಲ್ಲಿ ಫೋನ್ ಕದ್ದಾಲಿಕೆಯ ಆರೋಪದ ಮೇಲೆ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಕುರ್ಚಿಯನ್ನೇ ಬಿಟ್ಟರು. ಹೋಟೆಲು, ಬಸ್ಸು, ಎಲ್ಲ ಕಡೆ ಅದೇ ಮಾತು. ಆದರೆ 2020ರ ಮಾರ್ಚ್‌ನಲ್ಲಿ ಇನ್ನೊಂದು ಸುದ್ದಿ ಬಂತು, ನೆನಪಿದೆಯಾ? ಕೆಲವು ರಾಜ್ಯಗಳಲ್ಲಿ ಇಂತಿಂಥ ದಿನದ ಎಲ್ಲರ ಕರೆ ದಾಖಲೆಯನ್ನೂ ಕೊಡಿ ಎಂದು ದೂರಸಂಪರ್ಕ ಇಲಾಖೆ ಕೇಳುತ್ತಿದೆ ಎಂದು ಕಂಪನಿಗಳ ಸಂಘವೇ ಪತ್ರ ಬರೆದಿತ್ತು. ಒಬ್ಬ ಕಳ್ಳನದಲ್ಲ, ಎಲ್ಲರದು. ಕರೆ ಕಡಿತದ ದೂರು ಪರೀಕ್ಷಿಸಲು, ಹೆಸರು ತೆಗೆದುಕೊಂಡಿಲ್ಲ ಎಂದು ಸರ್ಕಾರ ಹೇಳಿತು. ಆ ಪಟ್ಟಿಯಲ್ಲಿ ಕೇರಳವೂ ಇತ್ತು. ಗಡಿಯ ಕುಟ್ಟದ ಕಡೆ ನಿಂತರೆ ಫೋನ್ ಕೇರಳದ ಟವರ್ ಹಿಡಿಯುವುದುಂಟು, ಹಾಗಾಗಿ ನಾವು ಅದರಲ್ಲಿ ಇದ್ದೆವೋ ಇಲ್ಲವೋ, ದೇವರಿಗೇ ಗೊತ್ತು. ನಮ್ಮ ಬೀದಿಯಲ್ಲಿ ಯಾರೂ ಉಸಿರೆತ್ತಲಿಲ್ಲ. ಅದೇ ತಿಂಗಳು ಲಾಕ್‌ಡೌನ್ ಬಂತು, ಮರೆತೇ ಹೋಯಿತು.

ಮಾತು ಕೇಳಲು ಗೃಹ ಕಾರ್ಯದರ್ಶಿಯ ಆದೇಶ ಬೇಕು. ದಾಖಲೆ ತರಿಸಲು ಅಷ್ಟೂ ಬೇಡ, ಪೊಲೀಸ್ ಅಧಿಕಾರಿಯ ಪತ್ರ ಸಾಕು. 2013ರಲ್ಲಿ ರಾಜ್ಯಸಭೆಯ ವಿರೋಧ ಪಕ್ಷದ ನಾಯಕರಾಗಿದ್ದ ಅರುಣ್ ಜೇಟ್ಲಿ ಅವರ ಕರೆ ದಾಖಲೆಯನ್ನೇ ಅಕ್ರಮವಾಗಿ ಪಡೆಯಲು ಹೋಗಿ ದೆಹಲಿಯ ಒಬ್ಬ ಕಾನ್‌ಸ್ಟೇಬಲ್ ಸಿಕ್ಕಿಬಿದ್ದ. ಅವರಿಗೇ ಹೀಗಾದರೆ ನಮಗೆ? 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದರು. ಆ ಕೇಸ್ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ. ಎಂಬತ್ತು ದಾಟಿದ ಮೇಲೆ ಹಾಕಿದ ಕೇಸ್ ಅದು!

ಎದುರು ಬರೆಯುತ್ತಿರುವವರು ಮಾಜಿ ಸೈನಿಕರಂತೆ. ಹಾಗಾದರೆ ದೇಶಭಕ್ತಿ, ಗಡಿ, ಬಾಂಬು ಎಂದು ಬರೆದಿರುತ್ತಾರೆ. ಅಮೆರಿಕದಲ್ಲೂ ಹಾಗೇ ಹೇಳಿದ್ದರು. ಅಲ್ಲಿನ ಸರ್ಕಾರದ್ದೇ ಮೇಲ್ವಿಚಾರಣಾ ಮಂಡಳಿ 2014ರ ಜನವರಿಯಲ್ಲಿ ವರದಿ ಕೊಟ್ಟಿತು. ಭಯೋತ್ಪಾದನೆಯ ಒಂದೇ ಒಂದು ತನಿಖೆಯ ಫಲಿತಾಂಶವನ್ನೂ ಈ ಕರೆಗಳ ಪಟ್ಟಿ ಬದಲಿಸಿದ್ದು ಕಾಣಲಿಲ್ಲ ಎಂದಿತು. ಅದೇ ತಿಂಗಳು ಪ್ಯೂ ಸಂಸ್ಥೆ ಕೇಳಿದಾಗ ಈ ಕೆಲಸವನ್ನು ಒಪ್ಪಿದವರು ಶೇ. 40, ಒಪ್ಪದವರು ಶೇ. 53. ಜನರಿಗೆ ವಿಷಯ ಅರ್ಥವಾಗಲು ಸ್ವಲ್ಪ ಸಮಯ ಬೇಕು. 2015ರಲ್ಲಿ ಅಲ್ಲಿನ ಸಂಸತ್ತೇ ಈ ಸಾಮೂಹಿಕ ಸಂಗ್ರಹ ನಿಲ್ಲಿಸುವ ಕಾನೂನು ತಂದಿತು. ಇನ್ನು ಕಳ್ಳ ಸಿಗುತ್ತಾನೆ ಅನ್ನುವ ಮಾತು. ನಾನು ಕಳ್ಳರ ಬಗ್ಗೆ ಬರೆಯುತ್ತಿಲ್ಲ.

ನಮ್ಮಲ್ಲಿ ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಇದೆ. ಕೋವಿ ಕೊಟ್ಟು ನಂಬುವ ಸರ್ಕಾರಕ್ಕೆ ನನ್ನ ಫೋನಿನ ಮೇಲೆ ಯಾಕೆ ಅನುಮಾನ?

ಈಗ ನಾನು ಯಾರಿಗೂ ಹೇಳದ ವಿಷಯ. ತುರ್ತು ಪರಿಸ್ಥಿತಿಯ ಕಾಲ. ಒಬ್ಬ ಅಧಿಕಾರಿ ಎಕ್ಸ್‌ಚೇಂಜಿಗೆ ಬಂದರು. ಊರಿನ ಒಬ್ಬ ಮೇಷ್ಟ್ರು ಎರಡು ತಿಂಗಳಲ್ಲಿ ಬುಕ್ ಮಾಡಿದ ಕರೆಗಳ ವಿವರ ಬೇಕು ಎಂದರು. "ಮಾತು ಏನೂ ಬೇಡಮ್ಮ, ಸುಮ್ನೆ ನಂಬರ್ ಬರೆದುಕೊಡಿ." ಕಾಗದ ಪತ್ರ ಏನೂ ಇರಲಿಲ್ಲ. ನಮ್ಮ ಸೂಪರ್‌ವೈಸರ್ ತಲೆಯಾಡಿಸಿದರು. ನಾನು ಬರೆದುಕೊಟ್ಟೆ. ನನ್ನದೇ ಕೈಬರಹ, ಹದಿನಾಲ್ಕು ಸಾಲು. ಹನ್ನೊಂದು ಸಾಲಿನಲ್ಲಿ ಬೆಂಗಳೂರಿನ ಒಂದೇ ನಂಬರು, ಎಲ್ಲ ರಾತ್ರಿ ಒಂಬತ್ತರ ಮೇಲೆ. ಅಧಿಕಾರಿ ಆ ನಂಬರಿನ ಕೆಳಗೆ ಗೆರೆ ಎಳೆದರು. ಮೂರು ವಾರದಲ್ಲಿ ಮೇಷ್ಟ್ರಿಗೆ ಬೀದರ್ ಕಡೆಗೆ ವರ್ಗವಾಯಿತು.

ಅದು ಅವರ ತಂಗಿ ಬಾಡಿಗೆಗಿದ್ದ ಮನೆಯ ಮಾಲೀಕರ ಫೋನು. ಆಕೆಗೆ ಕ್ಷಯ. ರಾತ್ರಿ ರೇಟ್ ಕಮ್ಮಿ ಎಂದು ಒಂಬತ್ತರ ಮೇಲೆ ಬುಕ್ ಮಾಡುತ್ತಿದ್ದರು. ಮಾತು ಕದ್ದು ಕೇಳಿದ್ದರೆ ಮೊದಲ ಮೂರು ನಿಮಿಷದಲ್ಲೇ ಗೊತ್ತಾಗುತ್ತಿತ್ತು.

ಹೊರಡುವ ಹಿಂದಿನ ರಾತ್ರಿ ಮೇಷ್ಟ್ರು ಎಕ್ಸ್‌ಚೇಂಜಿಗೇ ಬಂದರು. ಅದೇ ನಂಬರು ಕೇಳಿದರು. ನಾನು ಟಿಕೆಟ್ ತೆಗೆದೆ, ಪೆನ್ಸಿಲ್ ಹಿಡಿದೆ, ಬರೆಯಲು ಆಗಲಿಲ್ಲ.

"ಏನಮ್ಮ, ಲೈನ್ ಸಿಗ್ತಿಲ್ವಾ?" ಎಂದರು.

"ಸಿಗುತ್ತೆ ಸಾರ್, ಕೂತ್ಕೊಳ್ಳಿ" ಎಂದೆ.