ಬಾಂಡ್ ನೋಡೋದಾದರೆ 'ಡಾಕ್ಟರ್ ನೋ'ದಿಂದಲೇ ಶುರು ಮಾಡಿ

ಜೇಮ್ಸ್ ಬಾಂಡ್ ಚಿತ್ರಗಳಲ್ಲಿ ಯಾವುದು ಚೆನ್ನಾಗಿದೆ ಅಂತ ಮಾತು ಬಂದರೆ ಒಬ್ಬರು 'ಗೋಲ್ಡ್‌ಫಿಂಗರ್' ಅನ್ನುತ್ತಾರೆ, ಇನ್ನೊಬ್ಬರು 'ಕ್ಯಾಸಿನೋ ರೊಯಾಲ್' ಅನ್ನುತ್ತಾರೆ. 1962ರಲ್ಲಿ ಬಂದ ಮೊದಲ ಚಿತ್ರ 'ಡಾಕ್ಟರ್ ನೋ' ಹೆಸರು ಬರೋದೇ ಅಪರೂಪ. ಹಳೇದು, ತುಂಬಾ ನಿಧಾನ ಅಂತ ಬಿಟ್ಟುಬಿಡುತ್ತಾರೆ. ನನಗೆ ಇದು ಸ್ವಲ್ಪವೂ ಒಪ್ಪಿಗೆಯಿಲ್ಲ. 'ನೋ ಟೈಮ್ ಟು ಡೈ'ವರೆಗೆ ಬಾಂಡ್ ಚಿತ್ರಗಳನ್ನು ತೆಗೆದ ಇಯಾನ್ ಸಂಸ್ಥೆಯ 25 ಚಿತ್ರಗಳಾದವು. ಬಾಂಡ್ ಒಬ್ಬ ಗೂಢಚಾರನಂತೆ ತಲೆ ಓಡಿಸಿ ಕೆಲಸ ಮಾಡುವುದನ್ನು ನೋಡಬೇಕಂದರೆ ನಾನು ಇದನ್ನೇ ಹೇಳುತ್ತೇನೆ.

ಅವನು ಜಮೈಕಾದ ಕಿಂಗ್‌ಸ್ಟನ್ ವಿಮಾನ ನಿಲ್ದಾಣದಲ್ಲಿ ಇಳಿಯುವುದನ್ನೇ ನೋಡಿ. ಗವರ್ನರ್ ಕಚೇರಿಯಿಂದ ಬಂದಿದ್ದೇನೆ ಅಂತ ಒಬ್ಬ ಡ್ರೈವರ್ ಕಾರು ತಂದು ನಿಂತಿರುತ್ತಾನೆ. ಬಾಂಡ್ ಸುಮ್ನೆ ಹತ್ತುವುದಿಲ್ಲ. ಫೋನ್ ಮಾಡಿ ಕೇಳುತ್ತಾನೆ. ಅವರು ಯಾವ ಕಾರನ್ನೂ ಕಳಿಸಿಲ್ಲ. ಅದು ಗೊತ್ತಾದ ಮೇಲೂ ಅದೇ ಕಾರಿಗೆ ಹತ್ತುತ್ತಾನೆ, ಕಳಿಸಿದವರು ಯಾರು ಅಂತ ತಿಳಿಯಬೇಕಲ್ಲ! ಹೋಟೆಲ್ ಕೋಣೆಯಲ್ಲಿ ತಲೆಯಿಂದ ಒಂದು ಕೂದಲು ಕಿತ್ತು, ಎಂಜಲು ಹಚ್ಚಿ, ಬೀರುವಿನ ಬಾಗಿಲಿಗೆ ಅಡ್ಡ ಅಂಟಿಸುತ್ತಾನೆ. ಬ್ರೀಫ್‌ಕೇಸ್‌ನ ಬೀಗಕ್ಕೆ ಪೌಡರ್ ಉದುರಿಸುತ್ತಾನೆ. ಬೇರೆಯವರು ಒಳಗೆ ಬಂದು ಹೋದರೆ ತಿಳಿಯಲಿ ಅಂತ. ಇದೆಲ್ಲ ಮಾತಿಲ್ಲದೆ, ಅವಸರವಿಲ್ಲದೆ ನಡೆಯುತ್ತದೆ. ಲೇಸರ್ ವಾಚಿಲ್ಲ, ಮಾಯವಾಗುವ ಕಾರಿಲ್ಲ. ಹೆಚ್ಚೆಂದರೆ ವಿಕಿರಣ ಪತ್ತೆ ಹಚ್ಚುವ ಒಂದು ಗೈಗರ್ ಕೌಂಟರ್. ಅದರಿಂದ ದೋಣಿ ಪರೀಕ್ಷಿಸಿ, ಆ ದೋಣಿಯಲ್ಲಿ ತಂದಿದ್ದ ಕಲ್ಲಿನ ತುಂಡುಗಳ ಬಗ್ಗೆ ವಿಲನ್ ಕಡೆಯ ಪ್ರೊಫೆಸರ್ ಡೆಂಟ್ ಹೇಳಿದ್ದು ಸುಳ್ಳು ಅಂತ ಕಂಡುಹಿಡಿಯುತ್ತಾನೆ. ಒಂದು ಎಳೆ ಹಿಡಿದು ಇನ್ನೊಂದಕ್ಕೆ ಹೋಗುವ ಈ ಭಾಗ ನನಗೆ ಎಷ್ಟು ಸಲ ನೋಡಿದರೂ ಬೇಜಾರಾಗಿಲ್ಲ.

ಚಿತ್ರಕ್ಕೆ ಸಿಕ್ಕ ದುಡ್ಡು ಸುಮಾರು 10 ಲಕ್ಷ ಡಾಲರ್. ಆ ಕಾಲಕ್ಕೂ ದೊಡ್ಡ ಮೊತ್ತವಲ್ಲ. ನಾಯಕ ಶಾನ್ ಕಾನರಿ ಆಗಿನ್ನೂ ಸ್ಟಾರ್ ಅಲ್ಲ. ಎಡಿನ್‌ಬರೋದಲ್ಲಿ ಹಾಲು ಹಾಕಿ ಬದುಕಿದ್ದ ಹುಡುಗ. ಅವರಿಗೆ ಸೂಟು ಹೊಲಿಸಿ, ಬಾಂಡ್‌ನ ನಡೆ ನುಡಿ ಕಲಿಸಿದವರು ನಿರ್ದೇಶಕ ಟೆರೆನ್ಸ್ ಯಂಗ್.

ಸೆಟ್ ಹಾಕಿದ ಕೆನ್ ಆ್ಯಡಮ್ ಬಗ್ಗೆ ಹೇಳದೇ ಇದ್ದರೆ ತಪ್ಪಾಗುತ್ತದೆ. ಡೆಂಟ್‌ನನ್ನು ಒಂದು ಖಾಲಿ ಕೋಣೆಗೆ ಕರೆಸುವ ದೃಶ್ಯವಿದೆ. ಮೇಲೆ ದೊಡ್ಡದೊಂದು ದುಂಡನೆಯ ಜಾಲರಿ, ನೆಲದ ತುಂಬ ಅದರ ನೆರಳು, ಒಂದು ಕುರ್ಚಿ, ಒಂದು ಮೇಜು. ಮೇಜಿನ ಮೇಲೆ ಪಂಜರದಲ್ಲಿ ಜೇಡ. ವಿಲನ್ ಡಾಕ್ಟರ್ ನೋನ ಮುಖ ತೋರಿಸುವುದಿಲ್ಲ, ಬರೀ ದನಿ. ಖರ್ಚು ಏನೇನೂ ಇಲ್ಲ. ಹೆದರಿಕೆ ಮಾತ್ರ ಹೊಟ್ಟೆಗೇ ಇಳಿಯುತ್ತದೆ.

ಇನ್ನು ಆ ಟ್ಯೂನ್! ಜಗತ್ತಿಗೆಲ್ಲ ಗೊತ್ತಿರುವ ಬಾಂಡ್ ಟ್ಯೂನಿನ ಮೂಲ ಟ್ರಿನಿಡಾಡ್‌ನ ಭಾರತೀಯ ಮೂಲದ ಕುಟುಂಬವೊಂದರ ಕತೆಯಲ್ಲಿದೆ. ಲೇಖಕ ವಿ.ಎಸ್. ನೈಪಾಲ್ ಅವರ 'ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್' ಕಾದಂಬರಿಯನ್ನು ಸಂಗೀತ ನಾಟಕ ಮಾಡಲು ಹೊರಟಾಗ ಸಂಗೀತ ನಿರ್ದೇಶಕ ಮಾಂಟಿ ನಾರ್ಮನ್ ಅದಕ್ಕೊಂದು ಹಾಡು ಮಾಡಿಟ್ಟಿದ್ದರು. ನಾಟಕ ರಂಗಕ್ಕೆ ಬರಲಿಲ್ಲ. ಅದೇ ರಾಗವನ್ನು ಇಲ್ಲಿಗೆ ತಂದರು. ಜಾನ್ ಬ್ಯಾರಿ ಅದಕ್ಕೆ ಹೊಸ ರೂಪ ಕೊಟ್ಟರು, ವಿಕ್ ಫ್ಲಿಕ್ ಗಿಟಾರ್ ನುಡಿಸಿದರು.

ಆರೇ ವರ್ಷದಲ್ಲಿ ಬಾಂಡ್ ಮಾದರಿಯ ನಾಯಕ ಕನ್ನಡಕ್ಕೂ ಬಂದ. 1968ರ 'ಜೇಡರ ಬಲೆ'ಯಲ್ಲಿ ದೊರೆ-ಭಗವಾನ್ ಜೋಡಿ ಅಣ್ಣಾವ್ರನ್ನು ಸಿಐಡಿ 999 ಮಾಡಿದರು. ಅದರ ಬಗ್ಗೆ ಇನ್ನೊಮ್ಮೆ ಉದ್ದಕ್ಕೆ ಬರೆಯುತ್ತೇನೆ.

ಇಷ್ಟೆಲ್ಲ ಪ್ರೀತಿ ಇದ್ದರೂ ಈ ಚಿತ್ರದಲ್ಲಿ ನನಗೆ ನುಂಗಲಾಗದ ಒಂದು ವಿಷಯವಿದೆ. ಕ್ವಾರೆಲ್. ಬಾಂಡ್‌ನನ್ನು ತನ್ನ ದೋಣಿಯಲ್ಲಿ ಡಾಕ್ಟರ್ ನೋನ ದ್ವೀಪ ಕ್ರ್ಯಾಬ್ ಕೀಗೆ ಕರೆದೊಯ್ಯುವ ಕೇಮನ್ ದ್ವೀಪದವನು. ಆ ದ್ವೀಪದಲ್ಲಿ ಡ್ರ್ಯಾಗನ್ ಇದೆ ಅಂತ ಅವನಿಗೆ ಭಯ. ಭಯ ಇದ್ದೂ ಬರುತ್ತಾನೆ. ಅಂಥವನಿಗೆ ಬಾಂಡ್ ನನ್ನ ಶೂ ತಗೊಂಡು ಬಾ ಅಂತ ಆಳಿಗೆ ಹೇಳಿದ ಹಾಗೆ ಹೇಳುತ್ತಾನೆ. ಕೊನೆಗೆ ಡ್ರ್ಯಾಗನ್ ಅಂದರೆ ಬೆಂಕಿ ಉಗುಳುವ ಒಂದು ಗಾಡಿ, ಅದಕ್ಕೆ ಕ್ವಾರೆಲ್ ಸುಟ್ಟು ಸಾಯುತ್ತಾನೆ. ಕತೆ ಮುಂದಕ್ಕೆ ಓಡಿಬಿಡುತ್ತದೆ. ಆ ಪಾತ್ರ ಮಾಡಿದ ಜಾನ್ ಕಿಟ್ಜ್‌ಮಿಲ್ಲರ್ 1957ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಗೆದ್ದಿದ್ದರು. ಅಲ್ಲಿ ಅದನ್ನು ಗೆದ್ದ ಮೊದಲ ಕಪ್ಪು ನಟ! ಅಂಥ ನಟನ ಕೈಗೆ ಕಣ್ಣರಳಿಸಿ ಹೆದರುವ ಕೆಲಸ ಕೊಟ್ಟರಲ್ಲ ಅಂತ ಸಂಕಟವಾಗುತ್ತದೆ. ಚೀನಾ ಮೂಲದ ಡಾಕ್ಟರ್ ನೋ ಪಾತ್ರಕ್ಕೂ ಜೋಸೆಫ್ ವೈಸ್‌ಮನ್ ಎಂಬ ಬಿಳಿಯ ನಟನಿಗೆ ಮೇಕಪ್ ಹಾಕಿದ್ದಾರೆ.

ಆಗಿನ ಕಾಲ ಹಾಗಿತ್ತು ಅನ್ನುವವರಿಗೆ ಒಂದು ಮಾತು. ಶೂಟಿಂಗ್ ನಡೆಯುವಾಗ ಜಮೈಕಾ ಬ್ರಿಟಿಷರ ಕೈಯಲ್ಲಿತ್ತು, ನಿಜ. 1962ರ ಆಗಸ್ಟ್ 6ಕ್ಕೆ ಸ್ವತಂತ್ರವಾಯಿತು. ಲಂಡನ್ನಿನಲ್ಲಿ ಚಿತ್ರ ತೆರೆ ಕಂಡಿದ್ದು ಅಕ್ಟೋಬರ್ 5ಕ್ಕೆ. ಹೊಸದಾಗಿ ಸ್ವತಂತ್ರರಾದ ಜನ ತಮ್ಮದೇ ಕಡಲತೀರದಲ್ಲಿ ತಮ್ಮಂಥವನೊಬ್ಬ ಹೀಗೆ ಶೂ ಹೊರುವುದನ್ನು ನೋಡಬೇಕಾಯಿತು. 1973ರ 'ಲಿವ್ ಅಂಡ್ ಲೆಟ್ ಡೈ'ನಲ್ಲಿ ಕ್ವಾರೆಲ್ ಜೂನಿಯರ್ ಅಂತ ಅವನ ಮಗನನ್ನು ತಂದರು. ನನಗೆ ಅದು ಸಾಲಲಿಲ್ಲ.

ನೋಡದವರು ನೋಡಿ. ಮೊದಲ ಒಂದು ಗಂಟೆ ಫೋನ್ ದೂರ ಇಡಿ, ಬಾಂಡ್ ಏನೇನು ಗಮನಿಸುತ್ತಾನೆ ಅಂತ ನೀವೂ ಗಮನಿಸಿ. ಆಮೇಲೆ ಕ್ವಾರೆಲ್ ಬಗ್ಗೆ ನಿಮಗೇನು ಅನ್ನಿಸಿತು ಅಂತ ಕಾಮೆಂಟಿನಲ್ಲಿ ಬರೆಯಿರಿ, ಮಾತಾಡೋಣ.