ಈ ಸಂಕ ನಂಬಲಡ್ಡಿಲ್ಯಾ?

ನಮ್ಮ ಮನೆಗೂ ತೋಟಕ್ಕೂ ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಅದನ್ನು ಹಳ್ಳ ಎಂದು ಕರೆದರೆ ಅದೇ ನಾಚಿಕೊಂಡೀತು. ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು, ಪಂಚೆಯನ್ನೂ ಎತ್ತದೆ ದಾಟಬಹುದು. ಮಿರ್ಗದ ಮಳೆ ಹಿಡಿದು ಎಂಟು ದಿನವಾಗಲಿ, ಅದೇ ಹಳ್ಳ ಕೆಂಪು ನೀರು ತುಂಬಿಕೊಂಡು, ಮೇಲಿನ ಬೆಟ್ಟದ ದರಕು, ಕಟ್ಟಿಗೆ, ಒಮ್ಮೊಮ್ಮೆ ಯಾರದೋ ಮನೆಯ ಪ್ಲಾಸ್ಟಿಕ್ ಬಕೆಟ್ಟು ಎಲ್ಲವನ್ನೂ ಹೊತ್ತುಕೊಂಡು ಹೊರಡುತ್ತದೆ. ಹಾಗಾಗಿ ಮೇ ತಿಂಗಳ ಕೊನೆಗೆ ಸಂಕ ಹಾಕುವ ಕೆಲಸ.

ಮೂರು ಮುದಿ ಅಡಿಕೆ ಮರ ಕಡಿದು, ದಂಡೆಯಿಂದ ದಂಡೆಗೆ ಒಂದರ ಮಗ್ಗುಲಿಗೆ ಒಂದು ಮಲಗಿಸಿ, ಬಳ್ಳಿಯಲ್ಲಿ ಬಿಗಿದರೆ ಸಂಕ. ಈಚೆಗೆ ಬಳ್ಳಿಯ ಜಾಗಕ್ಕೆ ತಂತಿ ಬಂದಿದೆ. ಎರಡೂ ದಂಡೆಯಲ್ಲಿ ಗೂಟ ಹುಗಿದು, ಒಂದು ಬದಿಗೆ ಉದ್ದನೆಯ ಬಿದಿರು ಕಟ್ಟುತ್ತಾರೆ, ಹಿಡಿದುಕೊಳ್ಳಲಿಕ್ಕೆ. ಈ ಬಿದಿರಿನ ಮರ್ಯಾದೆ ತೆಗೆಯಬಾರದು, ಆದರೂ ಇದ್ದದ್ದು ಹೇಳುತ್ತೇನೆ: ಅದು ಯಾರನ್ನೂ ಹಿಡಿಯುವುದಿಲ್ಲ. ಕಾಲು ಜಾರಿದವ ಅದನ್ನು ನೆಚ್ಚಿ ಜೋತುಬಿದ್ದರೆ ಬಿದಿರೂ ಅವನೂ ಒಟ್ಟಿಗೇ ನೀರಿಗೆ. ಇದು ಮನೆಯವರಿಗೆಲ್ಲ ಗೊತ್ತು. ಗೊತ್ತಿದ್ದೂ, ಬಿದಿರು ಕಟ್ಟುವುದು ನಾಲ್ಕು ದಿನ ತಡವಾದರೆ ಆಯಿ, ಅಂದರೆ ನನ್ನ ತಾಯಿ, ತೋಟದ ಕಡೆ ತಲೆ ಹಾಕುವುದಿಲ್ಲ. ಕಟ್ಟಿದ ಮರುದಿನವೇ ತಲೆಯ ಮೇಲೆ ಹುಲ್ಲಿನ ಹೊರೆ ಇಟ್ಟುಕೊಂಡು, ಬಿದಿರಿಗೆ ಎರಡು ಬೆರಳು ತಾಗಿಸಿಕೊಂಡು, ಓಡಿದ ಹಾಗೆ ದಾಟುತ್ತಾಳೆ. ಎರಡೇ ಬೆರಳು. ವರ್ಷವರ್ಷವೂ ಆ ಬಿದಿರನ್ನು ತನ್ನ ಕೈಯಾರೆ ಕಟ್ಟುವ ಅಪ್ಪಯ್ಯ ಮಾತ್ರ ಅದನ್ನು ಮುಟ್ಟಿದ್ದು ನಾನು ಕಂಡಿಲ್ಲ. ಅದು ಹೆದರುವವರಿಗೆ ಎನ್ನುತ್ತಿದ್ದ.

ಈಚೆ ದಂಡೆಯವರು ಆಚೆಯಿಂದ ಬಂದವರನ್ನು ಕೇಳುವ ಮಾತೊಂದಿದೆ: "ಸಂಕ ನಂಬಲಡ್ಡಿಲ್ಯಾ?" ನಮ್ಮ ಕಡೆ ನಂಬುವುದು ದೇವರಿಗೋ ಗುರುವಿಗೋ ಮೀಸಲಾದ ಮಾತಲ್ಲ. ಏಣಿಯನ್ನು ನಂಬುತ್ತೇವೆ, ಹಲಸಿನ ಟೊಂಗೆಯನ್ನು ನಂಬುತ್ತೇವೆ, ಕೊಟ್ಟಿಗೆಯ ಅಟ್ಟವನ್ನು ಅರ್ಧ ನಂಬುತ್ತೇವೆ. ಅಂಗಳದಲ್ಲಿ ಅಡಿಕೆ ಹರವಿದ ದಿನ ಆಯಿ ಮೇಲೆ ನೋಡಿ "ಈ ಮೋಡ ನಂಬಲಾಗ್ತಿಲ್ಲೆ" ಎಂದರೆ ಊಟಕ್ಕೆ ಕುಳಿತವರೂ ಎಂಜಲುಗೈಯಲ್ಲಿ ಎದ್ದು ಓಡಬೇಕು. ಇಲ್ಲೆಲ್ಲ ನಂಬುವುದೆಂದರೆ ಮೈಭಾರ ಹಾಕುವುದು. ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ಯಾರೂ ವಿಚಾರಿಸುವುದಿಲ್ಲ, ಕಾಲು ಎಲ್ಲಿದೆ ಎಂದು ನೋಡುತ್ತಾರೆ.

ಒಂದು ಜುಲೈಯಲ್ಲಿ ಅಕ್ಕನ ಜೊತೆ ಬೆಂಗಳೂರಿನಿಂದ ಭಾವ ಬಂದಿದ್ದರು. ಇಂಜಿನಿಯರು. ಕೊಡೆ ಹಿಡಿದು ಸಂಕದ ಎದುರು ನಿಂತವರು ಮರದ ದಪ್ಪ ನೋಡಿದರು, ಉದ್ದ ನೋಡಿದರು, ಎಷ್ಟು ಕೇಜಿ ತಾಳುತ್ತದೆ ಎಂದು ಕೇಳಿದರು. ಅಪ್ಪಯ್ಯನಿಗೆ ಕೇಜಿಯ ಲೆಕ್ಕ ತಿಳಿಯದು. "ನಿನ್ನೆ ಆಳು ಗೊಬ್ಬರದ ಚೀಲ ಹೊತ್ಕಂಡು ದಾಟಿದ್ದ" ಎಂದ. ಭಾವ ಮನಸ್ಸಿನಲ್ಲೇ ಏನೋ ಗುಣಿಸಿ, ಭಾಗಿಸಿ, ತಾವೇ ಒಪ್ಪಿಕೊಂಡರು: ಲೆಕ್ಕದ ಪ್ರಕಾರ ಇಬ್ಬರು ಒಟ್ಟಿಗೆ ಹೋದರೂ ಏನೂ ಆಗಬಾರದು. "ನನಗೆ ನಂಬಿಕೆ ಇದೆ ಮಾವ, ಆದ್ರೂ..." ಎಂದವರು ಕೊಡೆ ಮಡಿಚಿ ಆಳಿನ ಕೈಗೆ ಕೊಟ್ಟು, ಸಂಕದ ಮೇಲೆ ಕುದುರೆ ಏರಿದಂತೆ ಕುಳಿತು, ಗೇಣು ಗೇಣೇ ಮುಂದೆ ಜರುಗುತ್ತ ಆಚೆ ತಲುಪಿದರು. ಪ್ಯಾಂಟಿಗೆ ಹತ್ತಿದ ಹಾವಸೆ ಮೂರು ಸಲ ತೊಳೆದರೂ ಹೋಗಲಿಲ್ಲ ಎಂದು ಅಕ್ಕ ಈಗಲೂ ಹೇಳುತ್ತಾಳೆ. ನಗುವುದು ಸುಲಭ. ಆದರೆ ನನ್ನ ಎಷ್ಟೋ ನಂಬಿಕೆಗಳ ಹಿಂದೆ ಅಂಥದೇ ಒಂದು 'ಆದ್ರೂ' ಕುಳಿತಿದೆ, ಅದರ ಪ್ಯಾಂಟು ಯಾರಿಗೂ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಪರೀಕ್ಷೆ ಮಾಡಿದರೆ ನಂಬಿಕೆ ಕೆಡುತ್ತದೆ ಎನ್ನುವವರಿದ್ದಾರೆ. ಅವರು ಕೊಳೆಮದ್ದು ಮಾಡಿದವರಲ್ಲ. ಅಡಿಕೆಗೆ ಕೊಳೆರೋಗ ಬಂದರೆ ಮಿಳ್ಳೆ, ಅಂದರೆ ಎಳೆಕಾಯಿ, ಉದುರಿ ತೋಟದ ನೆಲವೆಲ್ಲ ಹಸಿರಾಗುತ್ತದೆ, ಮನೆಯಲ್ಲಿ ಮಾತು ನಿಲ್ಲುತ್ತದೆ. ಆಗಿನ ಮೈಸೂರು ಸಂಸ್ಥಾನದಲ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಇದರ ಬೆನ್ನುಹತ್ತಿ, 1910ರ ಹೊತ್ತಿಗೆ ಬೋರ್ಡೋ ದ್ರಾವಣ ಹೊಡೆಯಿರಿ ಎಂದು ಹೇಳಿಕೊಟ್ಟ. ನಮ್ಮ ಉತ್ತರ ಕನ್ನಡ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. ಮದ್ದಿಗೆ ಗಡಿಯ ಹಂಗಿಲ್ಲವಲ್ಲ, ಘಟ್ಟದುದ್ದಕ್ಕೂ ಹರಡಿತು. ಒಂದು ಕೇಜಿ ಮೈಲುತುತ್ತ ಐವತ್ತು ಲೀಟರು ನೀರಿಗೆ, ಒಂದು ಕೇಜಿ ಸುಣ್ಣ ಇನ್ನೈವತ್ತು ಲೀಟರಿಗೆ, ಎರಡನ್ನೂ ಕೂಡಿಸಿದರೆ ಬಾನಿನ ಬಣ್ಣದ ಮದ್ದು. ಅಜ್ಜನಿಗೆ ಅದರ ಮೇಲೆ ತೀರ್ಥದಷ್ಟೇ ಭಕ್ತಿ. ಆದರೂ ಪ್ರತಿ ಹಂಡೆಗೂ ಕತ್ತಿ ಅದ್ದಿ ನೋಡುತ್ತಿದ್ದ. ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ, ಇನ್ನೆರಡು ಹಿಡಿ ಹಾಕು. ಐವತ್ತು ವರ್ಷ ಮಾಡಿದ ಮದ್ದಿಗೆ ಐವತ್ತು ವರ್ಷವೂ ಕತ್ತಿ ಅದ್ದಿದ. ಮದ್ದಿಗೆ ಅದರಿಂದ ಬೇಜಾರಾದದ್ದು ಕಾಣಲಿಲ್ಲ.

ಮದ್ದು ಹೊಡೆಯಲು ಬರುವ ಕೊನೆಗೌಡನದು, ಅಂದರೆ ಮರ ಹತ್ತಿ ಅಡಿಕೆ ಗೊನೆ ಇಳಿಸುವವನದು, ಬೇರೆಯೇ ದಾರಿ. ಬೆಳಿಗ್ಗೆ ಒಂದು ಮರ ಹತ್ತಿದವ ಊಟದ ಹೊತ್ತಿನವರೆಗೆ ಇಳಿಯುವುದಿಲ್ಲ. ತುದಿಯಲ್ಲಿ ಕುಳಿತು ತೂಗಾಡಿ, ಪಕ್ಕದ ಮರವನ್ನು ಎಳೆದುಕೊಂಡು, ಒಂದು ಕೈ ಈ ಮರದಲ್ಲಿ ಒಂದು ಕೈ ಆ ಮರದಲ್ಲಿ ಇರುವ ಆ ಒಂದು ಗಳಿಗೆಯನ್ನು ನಾನು ಕೆಳಗೆ ನಿಂತು ಇಂದಿಗೂ ಪೂರ್ತಿ ನೋಡಿಲ್ಲ, ಕಣ್ಣು ತಾನೇ ಮುಚ್ಚುತ್ತದೆ. ನಮ್ಮ ತೋಟದ ಅಂಚಿನಲ್ಲಿ ಒಂದು ಮರವಿದೆ. ನೆಟ್ಟಗೆ, ನುಣ್ಣಗೆ, ನಾಲ್ಕು ಕೊನೆ ಬಿಡುವ ಮರ. ಸುಮಾರು ಹತ್ತು ವರ್ಷದ ಹಿಂದೆ ಗೌಡ ಅದರ ಬುಡಕ್ಕೆ ಕತ್ತಿಯ ಹಿಡಿಯಿಂದ ಎರಡು ಬಾರಿ ಕುಟ್ಟಿ, "ಇದು ಬ್ಯಾಡ ಒಡೆಯಾ" ಎಂದ. ಎಂತಕೆ ಎಂದರೆ ಉತ್ತರವಿಲ್ಲ. ಅಪ್ಪಯ್ಯ ಸುತ್ತು ಬಂದು ನೋಡಿದ, ಗೆದ್ದಲಿಲ್ಲ, ಬಿರುಕಿಲ್ಲ, ವಾಲಿಯೂ ಇಲ್ಲ. ಬ್ಯಾಡ ಅಂದ್ರೆ ಬ್ಯಾಡ.

ಇಂಥ ಕಥೆಗಳಲ್ಲಿ ಮುಂದಿನ ಮಳೆಗಾಲಕ್ಕೆ ಮರ ಮುರಿದು ಬಿದ್ದು ಗೌಡನ ಮಾತು ನಿಜವಾಗಬೇಕು. ನಮ್ಮ ಮರ ಹಾಗೆ ಮಾಡಲಿಲ್ಲ. ಎಷ್ಟೋ ಗಾಳಿ ತಿಂದು ಈಗಲೂ ನಿಂತಿದೆ. ಗೌಡ ಈಗಲೂ ಹತ್ತುವುದಿಲ್ಲ. ಅವನು ಹತ್ತದ ಮರಕ್ಕೆ ಬೇರೆಯವರೂ ಹತ್ತುವುದಿಲ್ಲ, ಹತ್ತಿಸುವ ಧೈರ್ಯ ನಮಗೂ ಇಲ್ಲ. ಹಣ್ಣಾಗಿ ಉದುರಿದ ಗೋಟನ್ನು ಆಯಿ ಹೆಕ್ಕಿಕೊಂಡು ಬರುತ್ತಾಳೆ. ಗಟ್ಟಿಮುಟ್ಟಾದ ಮರಕ್ಕಿಂತ ಗೌಡನ ಒಂದು 'ಬ್ಯಾಡ'ವನ್ನೇ ನಾವು ಹೆಚ್ಚು ನಂಬಿದ್ದೇವೆ. ಇದರಲ್ಲಿ ವರ್ಷಕ್ಕೆ ಎಷ್ಟು ನಷ್ಟ ಎಂದು ಅಪ್ಪಯ್ಯ ಲೆಕ್ಕ ಹಾಕಿದ್ದಾನೆ. ಹೇಳಲು ಮಾತ್ರ ಒಪ್ಪುವುದಿಲ್ಲ.

ಆಯಿಯ ನಂಬಿಕೆಗೆ ಶಿರಸಿಯ ಮಾರಿಕಾಂಬೆಯೇ ಬೇಕು. ಒಮ್ಮೆ ಕರು ಹಾಕಿದ ಜರ್ಸಿ ಆಕಳು ಎದ್ದು ನಿಲ್ಲದಾಯಿತು. ಆಯಿ ಒಂದು ಕಡೆ ದನದ ಡಾಕ್ಟರಿಗೆ ಫೋನು ಮಾಡಿಸಿದಳು, ಇನ್ನೊಂದು ಕಡೆ ಅಮ್ಮನಿಗೆ ಉಡಿ ಹರಕೆ ಹೇಳಿಕೊಂಡಳು. ಎರಡರಲ್ಲಿ ಒಂದನ್ನು ಬಿಡು ಎಂದರೆ ಅವಳಿಗೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ಗ್ಲೂಕೋಸು ಏರಿಸಿದರು, ಇಂಜೆಕ್ಷನ್ ಕೊಟ್ಟರು, ಮೂರನೆಯ ದಿನ ಆಕಳು ಸತ್ತಿತು. ಜಾತ್ರೆ ಎರಡು ವರ್ಷಕ್ಕೊಮ್ಮೆ. ಅಷ್ಟು ಹೊತ್ತಿಗೆ ನಾವೆಲ್ಲ ಮರೆತಿದ್ದೆವು. ಆಯಿ ಜಾತ್ರೆ ನಡೆಯುವ ಬಿಡ್ಕಿಬೈಲಿನ ಗದ್ದುಗೆಯ ಎದುರು ಬಿಸಿಲಲ್ಲಿ ಮೂರು ತಾಸು ಸಾಲಿನಲ್ಲಿ ನಿಂತು ಉಡಿ ತುಂಬಿ ಬಂದಳು. ಆಕಳು ಉಳಿಯಲಿಲ್ಲವಲ್ಲ, ಹರಕೆ ಯಾಕೆ ಎಂದು ಕೇಳಿದೆ. "ಕೊಡ್ತಿ ಹೇಳಿದ್ದು ಆನು. ಉಳಸ್ತಿ ಹೇಳಿ ಅವ್ಳೆಂತ ಬರ್ದು ಕೊಟ್ಟಿದ್ದಿಲ್ಲೆ ಅಲ್ದಾ" ಎಂದು, ಕುಂಕುಮ ಹಚ್ಚಲು ನನ್ನ ಹಣೆ ಹುಡುಕಿದಳು. ವಕೀಲರ ಹತ್ತಿರ ಕೇಳಿದರೆ ಈ ಕರಾರು ನಿಲ್ಲುವುದಿಲ್ಲ.

ಅದೇ ಜಾತ್ರೆಯಲ್ಲಿ ಹಿಂದೆ ಕೋಣ ಕಡಿಯುತ್ತಿದ್ದರು. ಗಾಂಧೀಜಿ ಶಿರಸಿಗೆ ಬಂದದ್ದು 1934ರಲ್ಲಿ, ಬಲಿ ನಿಂತದ್ದು ಆ ಕಾಲದಲ್ಲಿ. ಅಮ್ಮ ಸಿಟ್ಟಾದಾಳು ಎಂದು ಅಂದು ಹೆದರಿದವರೂ ಇದ್ದಿರಬೇಕು. ಕೋಣ ಹೋಯಿತು, ಅಮ್ಮ ಉಳಿದಳು, ಸಾಲು ಇನ್ನೂ ಉದ್ದವಾಯಿತು.

ಇನ್ನು ಚಿಕ್ಕಪ್ಪ. ಅವನು ಯಾವುದನ್ನೂ ನಂಬುವವನಲ್ಲ, ಹಾಗೆಂದು ಅವನೇ ಎಲ್ಲರಿಗೂ ಹೇಳುತ್ತಾನೆ. ಮಾತ್ರೆಯ ತಾರೀಖನ್ನು ಎರಡು ಕನ್ನಡಕದಲ್ಲಿ ಓದುತ್ತಾನೆ, ಹೋಟೆಲಿನ ಬಿಲ್ಲನ್ನು ಕೂಡಿಸಿ ನೋಡುತ್ತಾನೆ. 2024ರ ಮಾರ್ಚಿನ ಜಾತ್ರೆಗೆ ಬಂದಿದ್ದ, ದೇವರಿಗಲ್ಲ, ಮಿರ್ಚಿ ಭಜಿಗೆ. ಮೊಮ್ಮಗಳು ಹಟ ಮಾಡಿದಳೆಂದು ದೊಡ್ಡ ತೊಟ್ಟಿಲು ಹತ್ತಿದ. ನಾಲ್ಕು ದಿನದ ಹಿಂದೆ ಲಾರಿಯಲ್ಲಿ ತುಂಡು ತುಂಡಾಗಿ ಬಂದದ್ದು, ಮೀಸೆ ಮೂಡದ ಹುಡುಗನೊಬ್ಬ ಬಾಯಲ್ಲಿ ಗುಟ್ಕಾ ಇಟ್ಟುಕೊಂಡು ನಟ್ಟು ಬಿಗಿದದ್ದು. ಚಿಕ್ಕಪ್ಪ ಹುಡುಗನನ್ನು ಒಂದು ಮಾತೂ ಕೇಳಲಿಲ್ಲ. ಮೇಲೆ ಹೋದಾಗ ಊರು ಚೆಂದ ಕಾಣುತ್ತದೆ ಎಂದು ಕೈ ಬೀಸಿದ. ಇಳಿದು ಬಂದವ ಟಿಕೆಟಿನ ಚಿಲ್ಲರೆ ಮಾತ್ರ ಎಣಿಸಿಕೊಂಡ.

ಅವನ ಮನೆ ಸದಾಶಿವಗಡದಲ್ಲಿ, ಕೆಲಸ ಇದ್ದದ್ದು ಕಾರವಾರದಲ್ಲಿ. ನಡುವೆ ಕಾಳಿ ನದಿ. ಆ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ ಮುರಿದು ಬಿತ್ತು. ಮೇಲಿದ್ದ ಲಾರಿಯೊಂದು ನದಿಗೆ ಬಿದ್ದರೂ ಚಾಲಕನನ್ನು ಬದುಕಿಸಿ ತಂದರು. ಅದಕ್ಕೆ ಮೂರು ವಾರ ಮೊದಲು ಅಂಕೋಲೆಯ ಶಿರೂರಿನಲ್ಲಿ ಗುಡ್ಡವೇ ಜರಿದು ಹೆದ್ದಾರಿಯ ಚಹಾದಂಗಡಿಯನ್ನೂ ಜನರನ್ನೂ ಗಂಗಾವಳಿಗೆ ತಳ್ಳಿತ್ತು. ಆ ಮಾತನ್ನು ಇಂಥ ಬರಹದಲ್ಲಿ ಎತ್ತಿ ಆಡುವ ಮನಸ್ಸಿಲ್ಲ. ಸೇತುವೆ ಬಿದ್ದ ಬೆಳಿಗ್ಗೆ ಚಿಕ್ಕಪ್ಪನ ಫೋನು ಬಂತು. ನಿವೃತ್ತನಾದವನಿಗೆ ಲೆಕ್ಕದ ಚಾಳಿ ಬಿಟ್ಟಿರಲಿಲ್ಲ: ಇಪ್ಪತ್ತೆರಡು ವರ್ಷ, ವರ್ಷಕ್ಕೆ ಇನ್ನೂರೆಂಬತ್ತು ದಿನ, ದಿನಕ್ಕೆ ಎರಡು ಸಲ. "ಹನ್ನೆರಡು ಸಾವಿರ ಸಲ ನಂಬಿದ್ದೆ ಮಾರಾಯಾ. ಒಂದು ಸಲವೂ ಗೊತ್ತಾಗಿದ್ದಿಲ್ಲೆ."

ಮತ್ತೇನು ಮಾಡುತ್ತೀ ಎಂದು ಕೇಳಿದೆ. ಮಾಡುವುದೇನು, ಪಕ್ಕದಲ್ಲಿ ಹೊಸ ಸೇತುವೆ ಇದೆಯಲ್ಲ ಎಂದ. ಮುಂದೆ ಒಮ್ಮೆ ನಾನೂ ಅವನೊಡನೆ ಬಸ್ಸಿನಲ್ಲಿ ಅದನ್ನು ದಾಟಿದೆ. ಸೇತುವೆ ಬಂದಾಗ ಬಸ್ಸಿನಲ್ಲಿದ್ದವರ ಮಾತು ಸ್ವಲ್ಪ ಇಳಿಯಿತು, ಕತ್ತುಗಳೆಲ್ಲ ಮುರಿದದ್ದರ ಕಡೆಗೆ ತಿರುಗಿದವು. ಕಂಡಕ್ಟರ್ ಮಾತ್ರ ತಲೆ ಎತ್ತದೆ ಟಿಕೆಟ್ ಹರಿಯುತ್ತಿದ್ದ. ಚಿಕ್ಕಪ್ಪ ಎದುರಿನ ಸೀಟಿನ ಕಂಬಿಯನ್ನು ಹಿಡಿದಿದ್ದ. ಸೇತುವೆ ಮುರಿದರೆ ಸೀಟಿನ ಕಂಬಿ ಏನು ಮಾಡೀತು ಎಂದು ಕೇಳಬೇಕೆನಿಸಿತು. ನನ್ನ ಕೈ ಎಲ್ಲಿದೆ ಎಂದು ನೋಡಿಕೊಂಡು ಸುಮ್ಮನಾದೆ.

ಅಪ್ಪಯ್ಯನಿಗೆ ಈಗ ಮಂಡಿನೋವು. ಕಳೆದ ಮೇ ತಿಂಗಳಲ್ಲಿ ಸಂಕ ಹಾಕಿದ್ದು ನಾನು. ಅವನು ದಂಡೆಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು, ಬುಡ ಈಚೆಗೆ ಬರಲಿ, ತುದಿ ಆಚೆಗೆ ಹೋಗಲಿ, ಅಲ್ಲಲ್ಲ ಎಂದು ಹೇಳುತ್ತಲೇ ಇದ್ದ. ಮೂರು ಮರ ಮಲಗಿಸಿ ಬಿಗಿಯುವಷ್ಟರಲ್ಲಿ ಮಧ್ಯಾಹ್ನ ಕಳೆದು, ಹಸಿವೂ ಆಗಿ, ಬಿದಿರಿನ ಕೆಲಸ ಬೇಗ ಮುಗಿಸಿದೆ. ಅಪ್ಪಯ್ಯ ಎದ್ದು ಬಂದ. ಒಂದು ಕಾಲಿನಿಂದ ಮರವನ್ನು ಎರಡು ಸಲ ಒತ್ತಿದ. "ನಂಬಲಡ್ಡಿಲ್ಯಾ?" ಎಂದ. ಆ ಪ್ರಶ್ನೆಯನ್ನು ಅವನು ನನಗೆ ಕೇಳಿದ್ದು ಅದೇ ಮೊದಲು.

"ಅಡ್ಡಿಲ್ಲೆ" ಎಂದೆ, ಆದಷ್ಟು ಅವನ ಧಾಟಿಯಲ್ಲೇ.

"ಹಂಗಾರೆ ನೀನು ಮೊದ್ಲು ದಾಟು."

ದಾಟಿದೆ. ನಡುವೆ ನಿಂತು ಬೇಕೆಂದೇ ಒಮ್ಮೆ ಕುಪ್ಪಳಿಸಿಯೂ ತೋರಿಸಿದೆ. ಆಮೇಲೆ ಅಪ್ಪಯ್ಯ ಸಂಕಕ್ಕೆ ಕಾಲಿಟ್ಟ. ಎರಡೂ ಕೈಯಲ್ಲಿ ಬಿದಿರನ್ನು ಹಿಡಿದುಕೊಂಡ. ಅದನ್ನು ನಾನು ಉಳಿದ ತಂತಿಯ ತುಂಡಿನಲ್ಲಿ ಹೇಗೋ ಸುತ್ತಿ ಬಿಟ್ಟಿದ್ದೆ. ಆಚೆ ದಂಡೆಯಲ್ಲಿ ನಿಂತು, ಅವನು ಬಂದು ಮುಟ್ಟುವವರೆಗೂ ಆ ಗಂಟನ್ನೇ ನೋಡುತ್ತಿದ್ದೆ.